ಡೇರ್ ಅಂದರೆ ಧೈರ್ಯವೇ?

ಶಿರಾ ಗೇಟ್‌ನಲ್ಲಿ ಬಸ್ಸಿಗೆ ಕಾಯುವ ಕಾಲೇಜು ಹುಡುಗರ ಮಾತಿಗೆ ಕಿವಿಗೊಟ್ಟರೆ ‘ಅವನಿಗೆ ಡೇರ್ ಜಾಸ್ತಿ ಕಣೋ’, ‘ನಂಗಷ್ಟು ಡೇರ್ ಇಲ್ಲಪ್ಪ’ ಎನ್ನುವುದು ಕೇಳಿಬರುತ್ತದೆ. ಕನ್ನಡದೊಳಗೆ ಇದು ಸಲೀಸಾಗಿ ನಡೆಯುತ್ತದೆ, ನಡೆಯಲಿ. ಆದರೆ ಇದನ್ನೇ ಇಂಗ್ಲಿಷಿಗೆ ಒಯ್ದು ‘ಐ ಹ್ಯಾವ್ ನೋ ಡೇರ್’ ಎಂದರೆ ವಾಕ್ಯ ಕೆಡುತ್ತದೆ. ಧೈರ್ಯವೆಂಬ ಗುಣಕ್ಕೆ ಅಲ್ಲಿ ‘ಕರೇಜ್’ ಇದೆ. ಡೇರ್ ಮುಖ್ಯವಾಗಿ ಕ್ರಿಯಾಪದ: ಅಪಾಯವೋ ಅವಮಾನವೋ ಎದುರಿಗಿದ್ದರೂ ಒಂದು ಕೆಲಸಕ್ಕೆ ಮುಂದಾಗುವುದು. ನಾಮಪದವಾದಾಗ ಅದರರ್ಥ ಸವಾಲು. ‘ಟ್ರುತ್ ಆರ್ ಡೇರ್’ ಆಟದಲ್ಲಿರುವುದು ಈ ಅರ್ಥವೇ.

ಉಚ್ಚಾರ ಹತ್ತಿರವಿದೆಯೆಂದು, ಡೇರ್ ನಮ್ಮ ಧೈರ್ಯದಿಂದಲೇ ಹುಟ್ಟಿತು ಎಂದು ನಂಬುವವರಿದ್ದಾರೆ. ಅದು ನಿಜವಲ್ಲ. ಧೈರ್ಯ ಬಂದದ್ದು ‘ಧೀರ’ದಿಂದ, ಡೇರ್ ಬಂದದ್ದು ಹಳೆಯ ಇಂಗ್ಲಿಷಿನ ‘ದುರ್ರನ್’ನಿಂದ. ಸೊಗಸೇನೆಂದರೆ, ಡೇರ್‌ಗೆ ಸಂಸ್ಕೃತದಲ್ಲಿ ನಿಜವಾದ ದಾಯಾದಿ ಬೇರೆಯೇ ಇದೆ. ಅದು ‘ಧೃಷ್’ ಧಾತು. ಧೃಷ್ಟ, ಧಾರ್ಷ್ಟ್ಯ, ಧೃಷ್ಟದ್ಯುಮ್ನನ ಹೆಸರಿನ ಮೊದಲರ್ಧ, ಎಲ್ಲವೂ ಅದರಿಂದ ಬಂದವು. ಇಂಗ್ಲಿಷ್ ಸಂಸ್ಕೃತದಿಂದ ಸಾಲ ಪಡೆದದ್ದಲ್ಲ; ಎರಡಕ್ಕೂ ಇಂಡೋ-ಯುರೋಪಿಯನ್ ಮೂಲ ಒಂದೇ.

ಈ ನಂಟು ತಿಳಿದರೆ ‘ಹೌ ಡೇರ್ ಯು’ ಎಂಬುದು ತಾನಾಗಿಯೇ ಅರ್ಥವಾಗುತ್ತದೆ. ‘ಎಂಥ ಧೈರ್ಯವಂತ ನೀನು’ ಎಂಬ ಮೆಚ್ಚುಗೆ ಅದರಲ್ಲಿಲ್ಲ. ‘ಎಷ್ಟು ಧಾರ್ಷ್ಟ್ಯ ನಿನಗೆ!’ ಎಂಬ ಗದರಿಕೆ ಅದು. 2019ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆ ಹವಾಮಾನ ಸಭೆಯಲ್ಲಿ ಗ್ರೆಟಾ ಥುನ್‌ಬರ್ಗ್ ಜಗತ್ತಿನ ನಾಯಕರ ಮುಖಕ್ಕೆ ಹೇಳಿದ್ದು ಇದೇ ಮೂರು ಪದ.

‘ಐ ಡೇರ್ ಸೇ’ಯಲ್ಲಂತೂ ಧೈರ್ಯದ ಸುಳಿವೂ ಉಳಿದಿಲ್ಲ. ‘ಐ ಡೇರ್ ಸೇ ಇಟ್ ವಿಲ್ ರೇನ್’ ಎಂದರೆ ಮಳೆ ಬಂದರೂ ಬಂದೀತು, ಅಷ್ಟೆ.

ವ್ಯಾಕರಣದ ಒಂದು ಅನುಮಾನ ಮಾತ್ರ ಮಕ್ಕಳನ್ನು ನಿಜಕ್ಕೂ ಕಾಡುತ್ತದೆ. ‘ಹಿ ಡೇರ್ ನಾಟ್ ಗೋ’ ಎಂದು ಬರೆದರೆ ‘ಎಸ್’ ಬಿಟ್ಟುಹೋಗಿದೆ, ‘ಟು’ ಇಲ್ಲ ಎಂದು ಕೆಂಪು ಗೆರೆ ಬೀಳುವುದುಂಟು. ಬರೆದ ಮಗುವಿಗೆ ಇದರಿಂದ ಅನ್ಯಾಯವಾಗುತ್ತದೆ. ನಿಷೇಧದಲ್ಲಿಯೂ ಪ್ರಶ್ನೆಯಲ್ಲಿಯೂ ಡೇರ್ ‘ಕ್ಯಾನ್’, ‘ಮಸ್ಟ್’ಗಳಂತೆ ನಡೆಯಬಲ್ಲದು, ಆಗ ಎಸ್ ಬೇಡ, ಟು ಬೇಡ. ‘ಹಿ ಡಸ್ ನಾಟ್ ಡೇರ್ ಟು ಗೋ’ ಎಂಬುದೂ ಅಷ್ಟೇ ಸರಿ. ಸಾಮಾನ್ಯ ಹೇಳಿಕೆಯಲ್ಲಾದರೆ ‘ಹಿ ಡೇರ್ಸ್ ಟು ಗೋ’ ಎಂದೇ ಬರೆಯಬೇಕು. ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದ ಕ್ಯಾನ್, ಶಲ್‌ಗಳ ಗುಂಪಿನಲ್ಲೇ ಇತ್ತು. ಡೇರ್ಸ್ ಎಂಬ ರೂಪ ಆಮೇಲೆ ಬಂದದ್ದು.