ನಳಿಗೆಯೊಳಗಿನ ಮಳೆಗಾಲ

ಆಗಸ್ಟ್ ಕೊನೆಯ ವಾರ. ಮಡಿಕೇರಿಯಾಚೆಯ ಆ ಮನೆಯ ಹಂಚಿನಿಂದ ನೀರು ಇಳಿಯುತ್ತಲೇ ಇದೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗಿಲ್ಲ. ಜಾಡಿಯಲ್ಲಿ ಉಪ್ಪು ನೀರೊಡೆದಿದೆ, ಚಪ್ಪಲಿಗೆ ಬೂಷ್ಟು ಹಿಡಿದಿದೆ. ಜಗಲಿಯಲ್ಲಿ ಹಳೆಯ ಕಂಬಳಿ ಹಾಸಿಕೊಂಡು ಗೆಳೆಯನ ಬಲ್ಯಪ್ಪ ಕುಳಿತಿದ್ದಾರೆ. ಕೊಡವರಲ್ಲಿ ದೊಡ್ಡಪ್ಪನಿಗೆ ಹಾಗೆನ್ನುತ್ತಾರೆ. ತೊಡೆಯ ಮೇಲೆ ಜೋಡುನಳಿಗೆಯ ಕೋವಿ. ಸೇನೆ ಬಿಟ್ಟು ಮೂವತ್ತು ವರ್ಷವಾಗಿದ್ದರೂ ಕೋವಿ ಕೈಗೆ ಬಂದರೆ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮೊದಲು ಅದನ್ನು ಮಡಚಿ, ಎರಡೂ ನಳಿಗೆ ಖಾಲಿಯೆಂದು ಕಣ್ಣಿಟ್ಟು ನೋಡಿದರು. ಆಮೇಲೆ ಬೆರಳಾಡಿಸಿಯೂ ನೋಡಿದರು. ತೋಟಾಗಳೆಲ್ಲ ಒಳಕೋಣೆಯ ಬೀರುವಿನಲ್ಲಿ. "ಎಣ್ಣೆ ಇರೋ ಕಡೆ ತೋಟಾ ಇರಬಾರದು ಮಗಾ. ಕೇಪಿನೊಳಗೆ ಎಣ್ಣೆ ಇಳಿದರೆ ಅದು ಸತ್ತ ಹಾಗೆ."

ಸೆಪ್ಟೆಂಬರ್ 3ಕ್ಕೆ ಕೈಲ್‌ಪೋದ್. ನಾಟಿ ಮುಗಿದ ಮೇಲೆ ಬರುವ ಆಯುಧಗಳ ಹಬ್ಬ. 1861ರಲ್ಲಿ ಬ್ರಿಟಿಷರು ಕೊಟ್ಟ, ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇಂದಿಗೂ ಉಳಿದುಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಇಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಹೀಗೆ ಮನೆಯವರಲ್ಲೊಬ್ಬನಾದ ಕೋವಿಯನ್ನು ತುಕ್ಕಿಗೆ ಬಿಟ್ಟುಕೊಡುವುದು ಹೇಗೆ?

ಮೆಟ್ಟಿಲ ಮೇಲೆ ಬಾಟಲಿಗಳ ಸಾಲಿದೆ. ಸೀಮೆಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಅಗಸೆ ಎಣ್ಣೆ, ನೀಲಿ-ಹಳದಿ ಬಣ್ಣದ ಡಬ್ಲ್ಯುಡಿ-40 ಡಬ್ಬಿ, ಮೂಲೆ ಹರಿದ ಲೇಬಲ್ಲಿನ ಕೋವಿ ಎಣ್ಣೆ. ತೆಂಗಿನೆಣ್ಣೆ ಮಾತ್ರ ಇಲ್ಲ. ಹರೆಯದಲ್ಲಿ ಒಮ್ಮೆ ಅವರು ಮನೆಯಲ್ಲಿದ್ದ ಅದನ್ನೇ ಕೋವಿಯ ಕೀಲುಗಳಿಗೆಲ್ಲ ಧಾರಾಳವಾಗಿ ಸವರಿದ್ದರಂತೆ. ಹಬ್ಬದ ಚಳಿಯ ಬೆಳಿಗ್ಗೆ ತೆಂಗಿನಕಾಯಿಗೆ ಗುರಿಯಿಟ್ಟು ಟ್ರಿಗರ್ ಎಳೆದರೆ, ಪಿನ್ನು ಸೋತ ಕೈಯಂತೆ ಮೆಲ್ಲಗೆ ತಟ್ಟಿತು. ಗುಂಡು ಹಾರಲಿಲ್ಲ. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ; ಬಯಲುಸೀಮೆಯಲ್ಲಿ ಹರಿಯುವ ಎಣ್ಣೆ ಕೊಡಗಿನ ಬೆಳಗಿಗೆ ಬೆಣ್ಣೆ. ಹೆಪ್ಪುಗಟ್ಟದಿದ್ದರೂ ಕಾಲ ಕಳೆದಂತೆ ಅದು ಕಮಟಿ ಹುಳಿಯಾಗುತ್ತದೆ, ದೂಳು ಹಿಡಿದು ಅಂಟಾಗುತ್ತದೆ. ಅಡುಗೆಮನೆಯ ಯಾವ ಎಣ್ಣೆಯೂ ಕೋವಿಯ ಕೀಲಿಗಲ್ಲ.

ಅವರು ಪುಲ್‌ಥ್ರೂ ಬಿಚ್ಚಿದರು. ಹಿತ್ತಾಳೆಯ ತೂಕ ಕಟ್ಟಿದ ದಾರ, ತುದಿಯ ಕುಣಿಕೆಯಲ್ಲಿ ಬಟ್ಟೆಯ ತುಂಡು. ಫೌಜಿನವರ ಬಾಯಲ್ಲಿ ಅದು ಚಿಂದಿ. ಮೊದಲ ಚಿಂದಿ ಕಪ್ಪಗೆ ಬಂತು, ಮೂರನೆಯದು ಬೂದಿಬಣ್ಣ. ಬಳಿಕ ಒಳಗಿನಿಂದ ತಂದದ್ದು ಎಣ್ಣೆಯನ್ನಲ್ಲ, ಅಜ್ಜನ ಕಾಲದ ಕೇಪಿನ ಕೋವಿಯನ್ನೂ ಒಂದು ಕೆಟಲ್ ಕುದಿನೀರನ್ನೂ! ನೀರನ್ನೇ ಶತ್ರುವೆಂದು ಬಗೆದ ಮನುಷ್ಯ ನಳಿಗೆಗೆ ನೀರು ಹೊಯ್ಯುವುದನ್ನು ಕಂಡು ನಾನು ಬೆಕ್ಕಸಬೆರಗಾದೆ. ಆದರೆ ಅದರಲ್ಲೇ ವಿದ್ಯೆಯಿದೆ. ಇಂಥ ಹಳೆಯ ಕೋವಿಗೆ ತುಂಬುವ ಕರಿಮದ್ದು ಉರಿದಾಗ ಉಳಿಯುವ ಮಸಿಯಲ್ಲಿ ಪೊಟ್ಯಾಸಿಯಂ ಲವಣಗಳಿರುತ್ತವೆ. ಹಳೆಯ ಬಗೆಯ ಕೇಪುಗಳು ಬಿಡುವುದೂ ಅಡುಗೆಯ ಉಪ್ಪಿನ ಜಾತಿಯದ್ದೇ. ಜಾಡಿಯ ಉಪ್ಪಿನಂತೆ ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತವೆ. ಉಪ್ಪು ಎಣ್ಣೆಯಲ್ಲಿ ಕರಗದು. ಅದರ ಮೇಲೆ ಎಷ್ಟೇ ಒಳ್ಳೆಯ ಎಣ್ಣೆ ಸವರಿದರೂ ಕಳ್ಳನನ್ನು ಒಳಗಿಟ್ಟು ಬೀಗ ಹಾಕಿದಂತೆ. ಕುದಿನೀರು ಉಪ್ಪನ್ನೂ ಒಯ್ಯುತ್ತದೆ, ಕಾದ ಉಕ್ಕು ತಾನೇ ಬೇಗ ಆರುತ್ತದೆ. ಹಿಂದೆ .303 ರೈಫಲ್‌ಗಳಿಗೂ ಫೌಜಿನಲ್ಲಿ ಇದೇ ಉಪಚಾರ. ಜರ್ಮನಿಯಲ್ಲಿ 1904ರಲ್ಲಿ ಬಂದ ಬ್ಯಾಲಿಸ್ಟಾಲ್ ಹೆಸರಾದದ್ದೂ ಈ ಕಾರಣಕ್ಕೇ: ಅದು ನೀರಿನ ಜೊತೆ ಹಾಲಿನಂತೆ ಬೆರೆಯುತ್ತದೆ.

ಸೀಮೆಎಣ್ಣೆ ಕೊಳೆ ಬಿಡಿಸುತ್ತದೆ, ಕಾವಲು ನಿಲ್ಲುವುದಿಲ್ಲ. ಡಬ್ಲ್ಯುಡಿ-40 ಕೂಡ ಹೆಚ್ಚುಕಡಿಮೆ ಹಾಗೆಯೇ. 1953ರಲ್ಲಿ ಅಮೆರಿಕದಲ್ಲಿ ನೀರನ್ನು ಹೊರದೂಡಲೆಂದೇ ಮಾಡಿದ ದ್ರವ ಅದು. ಮಳೆಯಲ್ಲಿ ನೆನೆದು ಬಂದ ಕೋವಿಗೆ ಆ ಸಂಜೆಯ ಮಟ್ಟಿಗೆ ಸರಿ, ಇಡೀ ಮಳೆಗಾಲಕ್ಕೆ ಅದರ ಪೊರೆ ತೀರಾ ತೆಳು. ಗ್ಯಾರೇಜಿನ ಹಳೆಯ ಎಂಜಿನ್ ಆಯಿಲನ್ನಂತೂ ಮುಟ್ಟಬಾರದು, ಅದರಲ್ಲಿ ಹುಳಿಯೂ ಲೋಹದ ಪುಡಿಯೂ ಸೇರಿರುತ್ತವೆ. ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುವ ಗುಣದ್ದು. ಮರದ ಹಿಡಿಗೆ ಅದು ವರ, ಕೀಲಿಗೆ ಶಾಪ. ಉಕ್ಕಿಗೆ ಬೇಕಾದದ್ದು ಅಂಟಾಗದ, ಚಳಿಗೆ ಹೆಪ್ಪುಗಟ್ಟದ, ಹುಳಿಯಿಲ್ಲದ ಖನಿಜ ಎಣ್ಣೆ. ಕೋವಿಗೆಂದೇ ಮಾಡಿದ್ದರಲ್ಲಿ ತುಕ್ಕು ತಡೆಯುವ ಅಂಶವೂ ಬೆರೆತಿರುತ್ತದೆ. ಅದು ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಸಾಕು, ಸವರುವ ಸರದಿ ಮಾತ್ರ ಬೇಗ ಬೇಗ ಬರಬೇಕು.

ಮತ್ತೆ ಎಷ್ಟು ಹಾಕಬೇಕು? ಬಲ್ಯಪ್ಪ ಬೆಂಕಿಕಡ್ಡಿಯ ತುದಿಯಲ್ಲಿ ಒಂದು ಹನಿ ಎತ್ತಿ ಕೀಲಿಗೆ ಮುಟ್ಟಿಸಿದರು. ನಳಿಗೆಗೆ ಎಣ್ಣೆ ತೋರಿಸಿದ ಚಿಂದಿ ಒಂದು ಸಲ. ಕೋವಿಯನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸಿದರು. ಇಲ್ಲವಾದರೆ ಎಣ್ಣೆ ಹಿಂದಕ್ಕಿಳಿದು ಮರವನ್ನು ಮೆತ್ತಗಾಗಿಸುತ್ತದೆ. ಚರ್ಮದ ಚೀಲ ಖಾಲಿಯಾಗಿ ಗೂಟಕ್ಕೆ ನೇತಾಡುತ್ತಿತ್ತು. ಮಳೆಗಾಲದಲ್ಲಿ ಅದರೊಳಗೆ ಕೋವಿ ಇಟ್ಟರೆ ಒದ್ದೆ ಬಟ್ಟೆ ಸುತ್ತಿಟ್ಟಂತೆಯೇ.

ಹಬ್ಬದ ದಿನ ಕೋವಿಗಳಿಗೆ ಗಂಧವಿಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸಿದರು. ತೋಕ್ ಎಂದರೆ ಕೋವಿ. ಹೂವು ನಮ್ಮ ಅಗ್ನಿಶಿಖೆಯೇ. ಪೂಜೆ ಮುಗಿದು, ಕಡಂಬುಟ್ಟು-ಪಂದಿಕರಿಯ ಊಟವಾಗಿ, ಕಾಯಿಗೆ ಗುಂಡು ಹೊಡೆಯಲು ಮೈದಾನಕ್ಕೆ ಹೊರಡುವ ಮೊದಲು ಬಲ್ಯಪ್ಪ ಹೂ ತೆಗೆದು ಒಣ ಚಿಂದಿ ಎಳೆದರು. ಎಣ್ಣೆಯ ಪಸೆ ಉಳಿದ ನಳಿಗೆಯಲ್ಲಿ ಅವರು ಗುಂಡು ಹಾರಿಸುವುದಿಲ್ಲ. ಚಿಂದಿಯ ಮೇಲೆ ಕೆಂಪು ಛಾಯೆಯ ಹಳದಿ ಪುಡಿ ಬಂತು. ತುಕ್ಕೇ ಇರಬೇಕೆಂದು ನನ್ನ ಎದೆ ಧಸಕ್ಕೆಂದಿತು. ಅವರು ಎರಡು ಬೆರಳ ನಡುವೆ ಉಜ್ಜಿ ನೋಡಿ, ನನ್ನ ಅಂಗೈಗೂ ಸವರಿದರು. ಮೆತ್ತಗಿತ್ತು, ಹೂವಿನ ಪರಾಗ. ಆಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು, "ನೋಡು" ಎಂದು ನನ್ನ ಕೈಗಿತ್ತರು.