ಘಟನಾಚಕ್ರದ ಸಮಾಪ್ತಿಯಲ್ಲಿ ತಲೆದೋರುವ ದೋಷಗಳು

ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ಲಗ್ಗೆರೆಯಲ್ಲಿ ಒಂದು ಸಣ್ಣ ಯಂತ್ರಶಾಲೆಯನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳೋಣ. ಅಲ್ಲಿಯ ಲೇತುಗಳಿಂದ ಬರುವ ಎಣಿಕೆಗಳನ್ನು ಒಂದೇ ಗಣಕದ ಕ್ರಮವಿಧಿಯು ಸಂಗ್ರಹಿಸುತ್ತಿದೆ. ಅದು ಯಾವೊಂದು ಯಂತ್ರಕ್ಕಾಗಿಯೂ ಕಾದು ಕೂರುವುದಿಲ್ಲ. ಸುದ್ದಿ ಬಂದೆಡೆಯ ಕೆಲಸವನ್ನು ಮುಗಿಸಿ ಮುಂದಿನದಕ್ಕೆ ಹೊರಳುತ್ತದೆ. ಈ ಆವರ್ತನಕ್ಕೆ ಇವೆಂಟ್ ಲೂಪ್ ಎಂದು ಹೆಸರು. ನಾವು ಇದನ್ನು ಘಟನಾಚಕ್ರವೆಂದು ಕರೆಯುವೆವು.

ಚಕ್ರವು ಸುತ್ತುತ್ತಿರುವಾಗ ಕಾಣದ ದೋಷಗಳು ಅದನ್ನು ನಿಲ್ಲಿಸುವಾಗ ಪ್ರಕಟವಾಗುತ್ತವೆ. ಸಂಪರ್ಕವನ್ನು ಮುಚ್ಚುವುದೂ ಚಕ್ರದ ಮೂಲಕವೇ ನಡೆಯಬೇಕಾದ ಕಾರ್ಯವೆಂಬುದನ್ನು ಮರೆಯುವುದೇ ಇದಕ್ಕೆ ಮುಖ್ಯ ಕಾರಣ. ನೋಡ್ ವ್ಯವಸ್ಥೆಗೆ ಆಧಾರವಾಗಿರುವ ಲಿಬ್‌ಯುವಿಯನ್ನು ನೋಡಬಹುದು. ಅದರಲ್ಲಿ ಒಂದು ಹ್ಯಾಂಡಲನ್ನು ಮುಚ್ಚೆಂದು ಆಜ್ಞಾಪಿಸಿದೊಡನೆ ಅದು ಮುಚ್ಚಿಹೋಗುವುದಿಲ್ಲ. ಮುಚ್ಚಿತೆಂಬ ಪ್ರತ್ಯುತ್ತರವು ಬರಬೇಕಾದರೆ ಚಕ್ರವು ಮತ್ತೆ ಸುತ್ತಬೇಕು. ಅದಕ್ಕೆ ಮೊದಲೇ ಹ್ಯಾಂಡಲಿನ ಸ್ಮೃತಿಯನ್ನು ಬಿಟ್ಟುಕೊಟ್ಟರೆ ಕ್ರಮವಿಧಿಯೇ ಕುಸಿಯಬಹುದು. ಚಕ್ರವನ್ನೇ ಮುಚ್ಚಹೊರಟರೆ, ಇನ್ನೂ ಕೆಲಸ ಬಾಕಿಯಿದೆ ಎಂಬರ್ಥದ ಉತ್ತರ ಮಾತ್ರ ದೊರೆಯುವುದು. ಆ ಉತ್ತರವನ್ನು ಓದದೆ ಮುಂದುವರಿಯುವವರೇ ಹೆಚ್ಚೆಂದು ನಮ್ಮ ಭಾವನೆ. ಚಕ್ರವು ತಾನಾಗಿ ನಿಂತಿತೆಂದರೆ ಎಲ್ಲವೂ ಮುಚ್ಚಿದೆಯೆಂದು ಭಾವಿಸುವುದೂ ಸಲ್ಲದು; ಚಕ್ರವನ್ನು ಜೀವಂತವಾಗಿಡದಂತೆ ಗುರುತು ಮಾಡಿದ ಹ್ಯಾಂಡಲುಗಳು ತೆರೆದೇ ಇರಬಹುದು. ಆದಕಾರಣ ತೆರೆದಿರುವ ಎಲ್ಲ ಹ್ಯಾಂಡಲುಗಳಿಗೂ ಮುಚ್ಚುವ ಆಜ್ಞೆಯನ್ನಿತ್ತು, ಚಕ್ರವನ್ನು ಮತ್ತೆ ಸುತ್ತಿಸಿ, ಏನೂ ಉಳಿದಿಲ್ಲವೆಂದು ತಿಳಿದ ಬಳಿಕವೇ ಚಕ್ರವನ್ನು ಮುಚ್ಚತಕ್ಕದ್ದು.

ಪೈಥಾನ್ ಭಾಷೆಯಲ್ಲಿ 2018ರಲ್ಲಿ ಬಂದ 3.7ನೆಯ ಆವೃತ್ತಿಯ 'ಅಸಿಂಕ್‌ಐಒ ರನ್' ಎಂಬ ವಿಧಿಯು ಈ ಅನುಕ್ರಮವನ್ನು ಬಹುಮಟ್ಟಿಗೆ ತಾನೇ ಪಾಲಿಸುತ್ತದೆ: ಉಳಿದ ಕೆಲಸಗಳನ್ನು ರದ್ದುಮಾಡಿ, ಅವು ಮುಗಿಯುವವರೆಗೆ ಕಾದು, ಅನಂತರ ಚಕ್ರವನ್ನು ಮುಚ್ಚುತ್ತದೆ. ರದ್ದತಿಯೂ ಒಂದು ಕೋರಿಕೆ ಮಾತ್ರ. ಅದು ಕೆಲಸಕ್ಕೆ ತಲುಪಲು ಚಕ್ರವು ಸುತ್ತಲೇಬೇಕು. ಆದರೂ ಮುಚ್ಚದೆ ಬಿಟ್ಟ ಸಂಪರ್ಕವೊಂದು ಚಕ್ರವು ಮುಚ್ಚಿದ ಮೇಲೆ ನಾಶಹೊಂದಿದರೆ, 'ಚಕ್ರ ಮುಚ್ಚಿದೆ' ಎಂಬರ್ಥದ ದೋಷಸೂಚನೆ ಬರುವುದುಂಟು. 2019ರ 3.8ನೆಯ ಆವೃತ್ತಿಯಿಂದೀಚೆಗೆ ವಿಂಡೋಸ್ ಗಣಕಗಳಲ್ಲಿ ಇದು ಸುಪರಿಚಿತ.

ಈ ಸೂಚನೆಯನ್ನು ಅಡಗಿಸಿಬಿಡುವ ಉಪಾಯವು ಪ್ರಚಾರದಲ್ಲಿದೆ. ನಾವು ಅದನ್ನು ಒಪ್ಪಲಾರೆವು. ಸೂಚನೆಯು ನಿರುಪದ್ರವಿಯಾಗಿರಬಹುದು, ಸಂಪರ್ಕದಲ್ಲಿ ಉಳಿದಿದ್ದ ಕೊನೆಯ ಎಣಿಕೆಯು ಬರೆಯಲ್ಪಡದೆ ಹೋದುದರ ಕುರುಹೂ ಆಗಿರಬಹುದು. ಎಣಿಕೆಯ ಮೇಲೆ ಕೂಲಿ ಪಡೆಯುವ ಕೆಲಸಗಾರನಿಗೆ ಇವೆರಡೂ ಒಂದೇ ಅಲ್ಲ.

ರದ್ದತಿಗೆ ಮಣಿಯದ ಕೆಲಸವೊಂದಿದ್ದರೆ ಕಾಯುವಿಕೆಗೆ ಕೊನೆಯಿರದು. ಅದಕ್ಕೆ ಕಾಲಮಿತಿಯನ್ನು ಗೊತ್ತುಮಾಡಿ, ಮಿತಿ ಮೀರಿದ ಕೆಲಸದ ಹೆಸರನ್ನು ದಾಖಲೆಯಲ್ಲಿ ಬರೆದು, ಆಮೇಲೆ ಕ್ರಮವಿಧಿಯನ್ನು ನಿಲ್ಲಿಸುವುದು ಲೇಸು.