ಡೀಸೆಲ್ ಜನರೇಟರಿನ ಓಟಕ್ಕೆ ಎಲೆಕ್ಟ್ರಾನಿಕ್ ಕಡಿವಾಣ

ಡೀಸೆಲ್ ಎಂಜಿನ್‌ಗೆ ತನ್ನ ವೇಗದ ಮೇಲೆ ತನಗೇ ಹಿಡಿತವಿಲ್ಲ. ಲೋಡ್ ಇಳಿದಾಗ ಇಂಧನವನ್ನೂ ಇಳಿಸದಿದ್ದರೆ ವೇಗ ಏರುತ್ತಲೇ ಹೋಗಿ ಎಂಜಿನ್ ಒಡೆಯಬಹುದು. ಇಂಧನವನ್ನು ಅಳೆದು ಕೊಡುವ ಕೆಲಸ ಗವರ್ನರ್‌ನದು. 1788ರಲ್ಲಿ ಜೇಮ್ಸ್ ವಾಟ್ ಉಗಿ ಯಂತ್ರಕ್ಕೆ ಅಳವಡಿಸಿದ ಗವರ್ನರ್‌ನಲ್ಲಿ ಉಗಿಯನ್ನು ಅಳೆದು ಕೊಡುತ್ತಿದ್ದುದು ತಿರುಗುವ ಎರಡು ಗುಂಡುಗಳು. ಎಲೆಕ್ಟ್ರಾನಿಕ್ ಗವರ್ನರ್‌ನಲ್ಲಿ ಫ್ಲೈವೀಲ್ ಹಲ್ಲುಗಳೆದುರು ಕೂರಿಸಿದ ಮ್ಯಾಗ್ನೆಟಿಕ್ ಪಿಕಪ್ ಹಲ್ಲಿಗೊಂದರಂತೆ ಮಿಡಿತ ಕಳಿಸುತ್ತದೆ. ಕಂಟ್ರೋಲರ್ ಅದನ್ನೆಣಿಸಿ, ಆಕ್ಚುಯೇಟರ್ ಮೂಲಕ ಇಂಧನ ಪಂಪಿನ ಲಿವರನ್ನು ಆಡಿಸುತ್ತದೆ.

ಅಪಾಯ ಇರುವುದು ಈ ಎಣಿಕೆಯಲ್ಲೇ. ಭಾರತದ 50 ಹರ್ಟ್ಸ್ ವಿದ್ಯುತ್ತಿಗೆ ನಾಲ್ಕು ಪೋಲಿನ ಆಲ್ಟರ್ನೇಟರ್ ನಿಮಿಷಕ್ಕೆ 1500 ಸುತ್ತು ತಿರುಗಬೇಕು. ಫ್ಲೈವೀಲಿನಲ್ಲಿ 120 ಹಲ್ಲುಗಳಿದ್ದರೆ ಸೆಕೆಂಡಿಗೆ 3000 ಮಿಡಿತ. ಸೆಟ್ಟಿಂಗ್‌ನಲ್ಲಿ 120ರ ಬದಲು 132 ಎಂದು ತುಂಬಿದರೆ ಕಂಟ್ರೋಲರ್ 3300 ಮಿಡಿತ ಬರುವವರೆಗೂ ಇಂಧನ ಏರಿಸುತ್ತದೆ. ಎಂಜಿನ್ 1650ರಲ್ಲಿ ಓಡುತ್ತಿದ್ದರೂ ಪರದೆ 1500 ಎಂದೇ ತೋರಿಸುತ್ತದೆ. ಅತಿವೇಗದ ರಕ್ಷಣೆಯೂ ಅದೇ ಲೆಕ್ಕವನ್ನೇ ನಂಬಿದ್ದರೆ ಅದೂ ಮೋಸಹೋಗುತ್ತದೆ. ಆದ್ದರಿಂದ ಹಲ್ಲುಗಳನ್ನು ಎಣಿಸಿಯೇ ತುಂಬಬೇಕು. ವೇಗವನ್ನು ಬೇರೆ ಟ್ಯಾಕೋಮೀಟರ್‌ನಿಂದಲೋ, ಆಲ್ಟರ್ನೇಟರಿನ ಫ್ರೀಕ್ವೆನ್ಸಿ ಮೀಟರ್‌ನಿಂದಲೋ ತಾಳೆ ನೋಡಬೇಕು.

ಗವರ್ನರ್‌ನ ಹಂಗಿಲ್ಲದೆ ಎಂಜಿನ್ ನಿಲ್ಲಿಸುವ ದಾರಿ ಮೊದಲ ಸ್ಟಾರ್ಟ್‌ಗೆ ಮುನ್ನವೇ ಸಿದ್ಧವಿರಬೇಕು. ಇಂಧನ ಕಡಿಯುವ ಪ್ರತ್ಯೇಕ ವಾಲ್ವ್ ಇದ್ದರೆ ಒಳ್ಳೆಯದು. ಆದರೆ ಸಿಲಿಂಡರಿಗೆ ಎಂಜಿನ್ನಿನ ಲೂಬ್ರಿಕೇಟಿಂಗ್ ಎಣ್ಣೆ ಸೋರಿ ಅದೇ ಉರಿಯತೊಡಗಿದರೆ ಡೀಸೆಲ್ ಕಡಿದು ಪ್ರಯೋಜನವಿಲ್ಲ, ಗಾಳಿಯ ದಾರಿಯನ್ನೇ ಮುಚ್ಚಬೇಕು. ಆಕ್ಚುಯೇಟರ್ ಲಿಂಕೇಜ್ ಎಲ್ಲೂ ಹಿಡಿಯದೆ ಆಡಬೇಕು, ಕರೆಂಟ್ ಹೋದರೆ ಇಂಧನ ನಿಲ್ಲುವ ಕಡೆಗೇ ಮರಳಬೇಕು. ಪಿಕಪ್ ಮತ್ತು ಹಲ್ಲುಗಳ ನಡುವಿನ ಅಂತರವನ್ನು ಎಂಜಿನ್ ನಿಂತಿರುವಾಗಲೇ, ತಯಾರಕರ ಅಳತೆಯಂತೆ ಹೊಂದಿಸಬೇಕು.

ಬಳಿಕ ಐಡಲ್ ವೇಗದಲ್ಲಿ ಚಾಲೂ ಮಾಡಿ, ನಿಧಾನವಾಗಿ 1500ಕ್ಕೆ ಏರಿಸುವುದು. ವೇಗ ತಪ್ಪಿದಾಗ ಕಂಟ್ರೋಲರ್ ಎಷ್ಟು ಬಲವಾಗಿ ಸ್ಪಂದಿಸಬೇಕೆಂಬ ಹೊಂದಿಕೆಯೇ ಗೇನ್. ಅದು ಕಡಿಮೆಯಿದ್ದರೆ ಲೋಡ್ ಏರಿದಾಗ ವೇಗ ಕುಸಿದು ತಡವಾಗಿ ಚೇತರಿಸಿಕೊಳ್ಳುತ್ತದೆ; ಹೆಚ್ಚಾದರೆ ಏರಿಳಿತ, ಅಂದರೆ ಹಂಟಿಂಗ್, ಶುರುವಾಗುತ್ತದೆ. ಏರಿಳಿತ ಕಾಣುವವರೆಗೆ ಗೇನ್ ಏರಿಸಿ, ಅಲ್ಲಿಂದ ತುಸು ಹಿಂದಕ್ಕೆ ತರುವುದು ರೂಢಿ. ಲಿಂಕೇಜ್ ಸವೆದಿದ್ದರೂ ಹಂಟಿಂಗ್ ಬರುತ್ತದೆ; ಆಗ ಗೇನ್ ಸ್ಕ್ರೂ ತಿರುಗಿಸುತ್ತ ಕೂರುವುದು ವ್ಯರ್ಥ. ಎರಡು ಜನರೇಟರ್ ಜೊತೆಯಾಗಿ ಓಡುವಲ್ಲಿ, ಲೋಡ್ ಹಂಚುವ ಬೇರೆ ಸಾಧನವಿಲ್ಲದಿದ್ದರೆ, ಲೋಡ್ ಏರಿದಂತೆ ವೇಗವನ್ನು ಸಾಮಾನ್ಯವಾಗಿ ಶೇ. 3ರಿಂದ 5ರಷ್ಟು ಇಳಿಯಬಿಡುವ ಡ್ರೂಪ್ ಬೇಕು.

ಅತಿವೇಗದಲ್ಲಿ ಎಂಜಿನ್ ನಿಲ್ಲಿಸುವ ಟ್ರಿಪ್ ಅನ್ನು ಸಾಮಾನ್ಯವಾಗಿ ನಿಗದಿತ ವೇಗದ ಶೇ. 110ರಿಂದ 115ಕ್ಕೆ ಇಡುತ್ತಾರೆ. ಪರೀಕ್ಷೆಗೆ ಟ್ರಿಪ್ ಮಿತಿಯನ್ನೇ ತಾತ್ಕಾಲಿಕವಾಗಿ 1500ಕ್ಕಿಂತ ಕೆಳಗಿಳಿಸಿ, ಎಂಜಿನ್ ನಿಂತದ್ದನ್ನು ಕಂಡಮೇಲೆ ಮೊದಲಿನ ಅಂಕಿಗೆ ತರಬಹುದು.